ಚರ್ಮ ಮರಗಟ್ಟಿಸಲು ಯಾವುದು ಸರಿ? ಕ್ರೀಮಿನಿಂದ ಹಿಡಿದು ‘ಮೂರು ದಿನ’ದ ಇಂಜೆಕ್ಷನ್‌ವರೆಗೆ ಒಂದು ಹೋಲಿಕೆ

ಬೆನ್ನಿನ ಗಂಟು ತೆಗೆಸುವವರು, ಗಾಯಕ್ಕೆ ಹೊಲಿಗೆ ಹಾಕಿಸುವವರು, ಮಗುವಿಗೆ ಡ್ರಿಪ್ ಹಾಕಿಸಲು ಬಂದ ಅಪ್ಪ ಅಮ್ಮ, ಟ್ಯಾಟೂ ಹಾಕಿಸಲು ಹೊರಟ ಹುಡುಗರು, ಎಲ್ಲರೂ ಕೊನೆಗೆ ಕೇಳುವುದು ಒಂದೇ ಮಾತು. "ಮರಗಟ್ಟಿಸೋದು ಎಷ್ಟು ಹೊತ್ತು ಇರುತ್ತೆ? ಇನ್ನೂ ಜಾಸ್ತಿ ಹೊತ್ತು ಇರೋದು ಇಲ್ವಾ?"

ಇದೆ. ಅರ್ಧ ಗಂಟೆಯಲ್ಲಿ ಇಳಿಯುವ ಔಷಧಿಯಿಂದ ಹಿಡಿದು ಮೂರು ದಿನ ಇರುತ್ತದೆ ಎಂದು ಕಂಪನಿ ಹೇಳಿಕೊಳ್ಳುವ ಔಷಧಿಯವರೆಗೆ ಈಗ ಸಿಗುತ್ತವೆ. ಆದರೆ ಆರಿಸುವಾಗ ಗಂಟೆಯ ಲೆಕ್ಕ ಆಮೇಲಿನದು. ನೋವು ಎಷ್ಟು ಆಳದ್ದು, ಎಷ್ಟು ಅಗಲದ್ದು, ಕೆಲಸ ಮುಗಿದ ಮೇಲೂ ಉಳಿಯುವಂಥದ್ದಾ ಅನ್ನುವುದನ್ನು ಮೊದಲು ನೋಡಬೇಕು. ನನ್ನ ಅಭಿಪ್ರಾಯವನ್ನು ಈಗಲೇ ಹೇಳಿಬಿಡುತ್ತೇನೆ. ಚರ್ಮದ ಸಣ್ಣ ಪುಟ್ಟ ಕೆಲಸಗಳಲ್ಲಿ ಬಹುಪಾಲಿಗೆ ಹಳೆಯ, ಅಗ್ಗದ ಔಷಧಿಗಳೇ ಸಾಕು. ಅವನ್ನು ಸರಿಯಾಗಿ ಕೊಡಬೇಕು, ಕೆಲಸ ಮಾಡಲು ಬೇಕಾದಷ್ಟು ಹೊತ್ತು ಕಾಯಬೇಕು, ಅಷ್ಟೇ.

ಜೋಮು ಯಾಕೆ ಇಳಿಯುತ್ತದೆ

ನರದ ಪೊರೆಯಲ್ಲಿ ಸೋಡಿಯಂ ಚಾನೆಲ್‌ಗಳು, ಅಂದರೆ ಸೋಡಿಯಂ ಹಾದುಹೋಗುವ ಪುಟ್ಟ ಬಾಗಿಲುಗಳಿವೆ. ಅವುಗಳ ಮೂಲಕ ಸೋಡಿಯಂ ಒಳಗೆ ನುಗ್ಗಿದಾಗಲೇ ನೋವಿನ ಸುದ್ದಿ ಮಿದುಳಿನ ಕಡೆ ಹೊರಡುವುದು. ಮರಗಟ್ಟಿಸಲು ಸಾಮಾನ್ಯವಾಗಿ ಬಳಸುವ ಲಿಗ್ನೊಕೇನ್ ಜಾತಿಯ ಔಷಧಿಗಳು ಪೊರೆ ದಾಟಿ ನರದ ಒಳಗೆ ಹೋಗಿ, ಒಳಗಿನಿಂದ ಆ ಚಾನೆಲ್ ಮುಚ್ಚುತ್ತವೆ. ರಕ್ತ ಹರಿದು ಔಷಧಿಯನ್ನು ಅಲ್ಲಿಂದ ತೊಳೆದುಕೊಂಡು ಹೋಗುತ್ತಿದ್ದಂತೆ ಚಾನೆಲ್ ಮತ್ತೆ ತೆರೆಯುತ್ತದೆ. ನೋವು ವಾಪಸ್.

ಹಾಗಾಗಿ ಹೆಚ್ಚು ಹೊತ್ತು ಮರಗಟ್ಟಿಸಲು ಇರುವ ದಾರಿಗಳು ನಾಲ್ಕೇ. ರಕ್ತನಾಳ ಕುಗ್ಗಿಸಿ ಔಷಧಿ ಅಲ್ಲೇ ಉಳಿಯುವ ಹಾಗೆ ಮಾಡುವುದು. ಚಾನೆಲ್‌ಗೆ ಗಟ್ಟಿಯಾಗಿ ಅಂಟುವ ಔಷಧಿ ಹುಡುಕುವುದು. ಔಷಧಿಯನ್ನು ಯಾವುದಾದರೂ ಪೊರೆಯೊಳಗೆ ಇಟ್ಟು ಸ್ವಲ್ಪ ಸ್ವಲ್ಪವಾಗಿ ಬಿಡುವುದು. ಇಲ್ಲವೇ ಚಾನೆಲ್ಲನ್ನು ಬೇರೆ ಕಡೆಯಿಂದಲೇ ಮುಚ್ಚುವುದು. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕೊಕೇನ್ ಹನಿಯಿಂದ ಕಣ್ಣು ಮರಗಟ್ಟಿಸಿದ ಮೇಲೆ ಇಲ್ಲಿಯವರೆಗೂ ಸಂಶೋಧನೆ ಈ ನಾಲ್ಕರ ಸುತ್ತಲೇ ತಿರುಗಿದೆ.

ಕ್ರೀಮ್: ಮೇಲಿನ ಚರ್ಮಕ್ಕೆ ಮಾತ್ರ

ಸೂಜಿಯೇ ಬೇಡ ಅನ್ನುವವರ ಮೊದಲ ಆಯ್ಕೆ ಇದು. ಎಮ್ಲಾ ಹೆಸರಲ್ಲಿ ಸ್ವೀಡನ್‌ನಲ್ಲಿ ಶುರುವಾಯಿತು. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಪ್ರಿಲಾಕ್ಸ್ ಹೆಸರಲ್ಲೂ ಸಿಗುತ್ತದೆ. ಶೇ 2.5 ಲಿಗ್ನೊಕೇನ್, ಶೇ 2.5 ಪ್ರಿಲೊಕೇನ್. ಇದರಲ್ಲಿ ಒಂದು ಸೊಗಸಾದ ರಸಾಯನ ಇದೆ. ಎರಡೂ ಬೇರೆ ಬೇರೆ ಇದ್ದಾಗ ಹರಳು ಪುಡಿ. ಸಮಸಮ ಬೆರೆಸಿದರೆ ಕರಗುವ ಬಿಂದು 18 ಡಿಗ್ರಿಗೆ ಇಳಿದು, ಮನೆಯೊಳಗಿನ ಉಷ್ಣಾಂಶದಲ್ಲೇ ಎಣ್ಣೆಯಾಗುತ್ತದೆ. ಎಣ್ಣೆಯಾದ್ದರಿಂದಲೇ ಅದು ಗಟ್ಟಿ ಚರ್ಮವನ್ನೂ ದಾಟುತ್ತದೆ.

ಹಚ್ಚುವ ರೀತಿಯಲ್ಲೇ ತುಂಬಾ ಜನ ಎಡವುತ್ತಾರೆ. ಫೇಸ್ ಕ್ರೀಮ್ ಥರ ತೆಳ್ಳಗೆ ಉಜ್ಜಿ, ಹತ್ತು ನಿಮಿಷ ಬಿಟ್ಟು, "ಇದು ಕೆಲಸನೇ ಮಾಡಲ್ಲ" ಅನ್ನುತ್ತಾರೆ. ಉಜ್ಜಲೇಬಾರದು. 10 ಚದರ ಸೆಂಟಿಮೀಟರಿಗೆ 1ರಿಂದ 2 ಗ್ರಾಂ ಲೆಕ್ಕದಲ್ಲಿ ದಪ್ಪಗೆ ಇಟ್ಟು, ಮೇಲೆ ಅಂಟುವ ಪ್ಲಾಸ್ಟಿಕ್ ಪಟ್ಟಿ ಮುಚ್ಚಿ, ಕನಿಷ್ಠ 60 ನಿಮಿಷ ಬಿಡಬೇಕು. ಆಗ ಸುಮಾರು 3 ಮಿಲಿಮೀಟರ್ ಆಳದವರೆಗೆ ಮರಗಟ್ಟುತ್ತದೆ. ಎರಡು ಗಂಟೆ ಬಿಟ್ಟರೆ 5 ಮಿಲಿಮೀಟರ್. ಅದಕ್ಕಿಂತ ಕೆಳಗೆ ಇಳಿಯುತ್ತದೆ ಅಂತ ನಂಬಬೇಡಿ. ಒರೆಸಿದ ಮೇಲೂ ಒಂದೆರಡು ಗಂಟೆ ಪರಿಣಾಮ ಇರುತ್ತದೆ. ಪಟ್ಟಿ ತೆಗೆದಾಗ ಆ ಜಾಗ ಬಿಳಿಚಿಕೊಂಡಿರುತ್ತದೆ. ರಕ್ತನಾಳ ಕುಗ್ಗಿರುವುದು ಅದಕ್ಕೆ ಕಾರಣ, ಹೆದರಬೇಕಿಲ್ಲ. ಆದರೆ ಡ್ರಿಪ್ ಹಾಕುವ ನರ್ಸ್‌ಗೆ ರಕ್ತನಾಳ ಹುಡುಕುವುದು ಸ್ವಲ್ಪ ಕಷ್ಟವಾಗುತ್ತದೆ.

ಈ ಒಂದು ವಿಷಯದಲ್ಲಿ ಟೆಟ್ರಕೇನ್ ಜೆಲ್ ಮೇಲು. ಬ್ರಿಟನ್‌ನಲ್ಲಿ ಆಮಿಟಾಪ್ ಹೆಸರಿನ ಶೇ 4ರ ಜೆಲ್ ಬಳಕೆಯಲ್ಲಿದೆ. ರಕ್ತ ತೆಗೆಯಲು 30 ನಿಮಿಷ, ಡ್ರಿಪ್ ಸೂಜಿಗೆ 45 ನಿಮಿಷ ಹಚ್ಚಿದರೆ ಸಾಕು. ಪರಿಣಾಮ 4ರಿಂದ 6 ಗಂಟೆ. ಅದು ರಕ್ತನಾಳ ಹಿಗ್ಗಿಸುವುದರಿಂದ ಚರ್ಮ ಕೆಂಪಗಾಗುತ್ತದೆ, ಸೂಜಿ ಹಾಕಲು ಅನುಕೂಲ. ಕೆಲವರಿಗೆ ತುರಿಕೆ, ಊತ ಬರುವುದು ಇದರ ಕೊರತೆ.

ಪುಟ್ಟ ಮಕ್ಕಳ ವಿಷಯದಲ್ಲಿ ಪ್ರಿಲೊಕೇನ್ ಇರುವ ಕ್ರೀಮನ್ನು ಅಳೆದೇ ಹಚ್ಚಬೇಕು. ಮೂರು ತಿಂಗಳೊಳಗಿನ ಶಿಶುವಿಗೆ ಒಟ್ಟು 1 ಗ್ರಾಂ, 10 ಚದರ ಸೆಂಟಿಮೀಟರ್ ಜಾಗ, ಒಂದೇ ಗಂಟೆ. ಅದು ಮೀರಿದರೆ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ತಗ್ಗಿ ಮಗು ನೀಲಿಗಟ್ಟಬಹುದು. ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದರೆ ಮಾತ್ರ ಹಚ್ಚಿ. ಮನೆಯಲ್ಲಿ ಉಳಿದ ಟ್ಯೂಬ್ ಎತ್ತಿಕೊಂಡು ಹಚ್ಚುವುದು ಖಂಡಿತ ಬೇಡ.

ಲಿಗ್ನೊಕೇನ್ ಪ್ಯಾಚ್ ಬೇರೆಯದೇ ಕೆಲಸಕ್ಕೆ. ಸರ್ಪಸುತ್ತು ವಾಸಿಯಾದ ಮೇಲೂ ಉಳಿಯುವ ಉರಿನೋವಿಗೆ ಶೇ 5ರ ಪ್ಯಾಚನ್ನು ದಿನಕ್ಕೆ 12 ಗಂಟೆ ಅಂಟಿಸುತ್ತಾರೆ. ನೋವು ತಗ್ಗುತ್ತದೆ. ಆದರೆ ಕುಯ್ಯುವಷ್ಟು ಚರ್ಮ ಮರಗಟ್ಟುವುದಿಲ್ಲ.

ಲಿಗ್ನೊಕೇನ್ ಇಂಜೆಕ್ಷನ್, ಅಡ್ರಿನಲಿನ್ ಇದ್ದು ಮತ್ತು ಇಲ್ಲದೆ

1943ರಲ್ಲಿ ಸ್ಟಾಕ್‌ಹೋಮ್‌ನ ನಿಲ್ಸ್ ಲೊಫ್ಗ್ರೆನ್ ಮತ್ತು ಬೆಂಗ್ಟ್ ಲುಂಡ್‌ಕ್ವಿಸ್ಟ್ ತಯಾರಿಸಿದ ಔಷಧಿ. ಇವತ್ತಿಗೂ ನಮ್ಮ ಊರಿನ ಪಿಎಚ್‌ಸಿಯಿಂದ ದೊಡ್ಡ ಆಸ್ಪತ್ರೆವರೆಗೆ ಮೊದಲು ಕೈಗೆ ಸಿಗುವುದು ಇದೇ. ಚುಚ್ಚಿದ ಒಂದೆರಡು ನಿಮಿಷದಲ್ಲಿ ಹಿಡಿಯುತ್ತದೆ. ಅರ್ಧದಿಂದ ಒಂದು ಗಂಟೆ, ಕೆಲವೊಮ್ಮೆ ಇನ್ನೂ ಸ್ವಲ್ಪ ಹೊತ್ತು ಇರುತ್ತದೆ. ನಾಲ್ಕು ಹೊಲಿಗೆಗೆ ಇಷ್ಟು ಧಾರಾಳ ಸಾಕು.

ಇದಕ್ಕೆ ಅಡ್ರಿನಲಿನ್ ಬೆರೆಸುವ ಉಪಾಯ ಜರ್ಮನಿಯ ಹೈನ್ರಿಖ್ ಬ್ರೌನ್ ಅವರದು, 1903ರ ಸುಮಾರಿನದು. ಒಂದು ಮಿಲಿಲೀಟರಿಗೆ 5 ಮೈಕ್ರೊಗ್ರಾಂ ಇದ್ದರೂ ಸಾಕು, ರಕ್ತನಾಳ ಕುಗ್ಗುತ್ತದೆ. ಲಿಗ್ನೊಕೇನ್ ಎರಡು ಗಂಟೆಗಿಂತ ಜಾಸ್ತಿ ಹೊತ್ತು ಉಳಿಯುತ್ತದೆ. ರಕ್ತ ಸುರಿಯುವುದೂ ಕಮ್ಮಿ. ಔಷಧಿ ನಿಧಾನವಾಗಿ ರಕ್ತ ಸೇರುವುದರಿಂದ ಹೆಚ್ಚು ಪ್ರಮಾಣ ಕೊಡಲೂ ಅವಕಾಶ. ಬರೀ ಲಿಗ್ನೊಕೇನ್ ಆದರೆ ದೇಹತೂಕದ ಕೆಜಿಗೆ 4.5 ಮಿಲಿಗ್ರಾಂ ಮಿತಿ, ಅಡ್ರಿನಲಿನ್ ಸೇರಿದರೆ 7. ಶೇ 2ರ ಬಾಟಲಿಯಲ್ಲಿ ಮಿಲಿಲೀಟರಿಗೆ 20 ಮಿಲಿಗ್ರಾಂ ಇರುತ್ತದೆ. 60 ಕೆಜಿಯವರಿಗೆ ಲೆಕ್ಕ ಹಾಕಿದರೆ ಮಿತಿ 13.5 ಮಿಲಿಲೀಟರಿನಿಂದ 21ಕ್ಕೆ ಏರುತ್ತದೆ. ಇಷ್ಟು ಲಾಭವನ್ನು ಇಷ್ಟು ಕಮ್ಮಿ ಖರ್ಚಿನಲ್ಲಿ ಕೊಡುವ ಇನ್ನೊಂದು ಬೆರಕೆ ಚರ್ಮದ ಕೆಲಸದಲ್ಲಿ ನನಗೆ ಗೊತ್ತಿಲ್ಲ.

ಕಾಯಬೇಕು, ಅದೇ ಶರತ್ತು. ಜೋಮು ಬೇಗ ಬರುತ್ತದೆ, ರಕ್ತನಾಳ ಪೂರ್ತಿ ಕುಗ್ಗಲು 25 ನಿಮಿಷದ ಹತ್ತಿರ ಬೇಕು. ಚುಚ್ಚಿದ ಕೂಡಲೇ ಬ್ಲೇಡ್ ಎತ್ತಿದರೆ ಅರ್ಧ ಲಾಭ ವ್ಯರ್ಥ.

ಬೆರಳಿಗೆ ಅಡ್ರಿನಲಿನ್ ಕೊಡಲೇಬಾರದು, ಬೆರಳು ಕಪ್ಪಾಗಿ ಹೋಗುತ್ತದೆ ಅಂತ ಬಹಳ ವರ್ಷ ಪಾಠ ಮಾಡಿದರು. ಕೆನಡಾದ ಕೈ ಸರ್ಜನ್ ಡೊನಾಲ್ಡ್ ಲಾಲೊಂಡ್ ಮತ್ತು ಸಂಗಡಿಗರು 2005ರಲ್ಲಿ ಕೈ ಮತ್ತು ಬೆರಳಿನ 3,110 ಪ್ರಕರಣಗಳ ವಿವರ ಪ್ರಕಟಿಸಿದರು. ಒಂದು ಬೆರಳೂ ಹಾಳಾಗಿರಲಿಲ್ಲ. ಈಗ ಎಷ್ಟೋ ಕಡೆ ಕೈ ಆಪರೇಷನ್‌ಗಳನ್ನು ರೋಗಿ ಎಚ್ಚರ ಇರುವಾಗಲೇ, ಹೀಗೆ ಮರಗಟ್ಟಿಸಿಯೇ ಮಾಡುತ್ತಾರೆ. ಆದರೂ ಬೆರಳಿಗೆ ರಕ್ತ ಹರಿಯುವುದೇ ಕಮ್ಮಿ ಇರುವವರಿಗೆ ಇದು ಬೇಡ.

ಚುಚ್ಚುವಾಗಿನ ಉರಿಯ ಬಗ್ಗೆಯೂ ಹೇಳಬೇಕು. ಅಡ್ರಿನಲಿನ್ ಕೆಡದಿರಲಿ ಅಂತ ಆ ದ್ರಾವಣವನ್ನು ಹೆಚ್ಚು ಆಮ್ಲೀಯವಾಗಿ ಇಟ್ಟಿರುತ್ತಾರೆ, ಅದಕ್ಕೇ ಉರಿ. ಒಂಬತ್ತು ಹತ್ತು ಪಾಲು ಲಿಗ್ನೊಕೇನ್‌ಗೆ ಒಂದು ಪಾಲು ಶೇ 8.4ರ ಸೋಡಿಯಂ ಬೈಕಾರ್ಬನೇಟ್ ಬೆರೆಸಿದರೆ ಉರಿ ಚೆನ್ನಾಗಿ ಕಮ್ಮಿಯಾಗುತ್ತದೆ. ಬೆಚ್ಚಗೆ ಮಾಡಿ, ಸಣ್ಣ ಸೂಜಿಯಲ್ಲಿ, ನಿಧಾನವಾಗಿ ಬಿಟ್ಟರೆ ಇನ್ನೂ ಒಳ್ಳೆಯದು. "ಡಾಕ್ಟ್ರೇ, ಸ್ವಲ್ಪ ನಿಧಾನಕ್ಕೆ ಕೊಡಿ" ಅಂತ ಕೇಳುವ ಹಕ್ಕು ನಿಮಗಿದೆ. ಸಂಕೋಚ ಬೇಡ.

ಬುಪಿವಕೇನ್: ಆಮೇಲಿನ ನೋವಿಗೆ

ಇದು ಎರಡನೇ ದಾರಿ, ಗಟ್ಟಿಯಾಗಿ ಅಂಟುವ ಔಷಧಿ. 1957ರಲ್ಲಿ ಇದೂ ಸ್ವೀಡನ್‌ನಲ್ಲೇ ಹುಟ್ಟಿತು. ಲಿಗ್ನೊಕೇನ್ ಸುಮಾರು ಶೇ 65ರಷ್ಟು ಪ್ರೋಟೀನ್‌ಗೆ ಅಂಟಿದರೆ ಇದು ಶೇ 95. ಕೊಬ್ಬಿನಲ್ಲೂ ಚೆನ್ನಾಗಿ ಕರಗುತ್ತದೆ. ಹಾಗಾಗಿ ಹಿಡಿಯುವುದು ನಿಧಾನ, ಬಿಡುವುದು ಇನ್ನೂ ನಿಧಾನ. ಚರ್ಮದಲ್ಲಿ 2ರಿಂದ 4 ಗಂಟೆ, ಅಡ್ರಿನಲಿನ್ ಜೊತೆ 7 ಗಂಟೆಯವರೆಗೂ ಹೋಗುತ್ತದೆ. ದೊಡ್ಡ ಗಂಟು ತೆಗೆಸಿ, ಬಸ್ಸಿನಲ್ಲಿ ಊರಿಗೆ ಹೋಗಿ, ಮನೆ ಮುಟ್ಟಿ ಮಾತ್ರೆ ನುಂಗುವವರೆಗೆ ನೋವು ತಡೆಯಬೇಕು ಅಂದರೆ ಇದೇ ಸರಿ.

ಲಿಗ್ನೊಕೇನ್ ಬೇಗ ಹಿಡಿಯಲಿ, ಬುಪಿವಕೇನ್ ಜಾಸ್ತಿ ಹೊತ್ತು ಇರಲಿ ಅಂತ ಎರಡನ್ನೂ ಬೆರೆಸುವ ರೂಢಿ ಇದೆ. ಬೆರೆಸಿದಾಗ ಬುಪಿವಕೇನ್ ಒಂದೇ ಕೊಟ್ಟಷ್ಟು ಹೊತ್ತು ಉಳಿಯುವುದಿಲ್ಲ. ಎರಡರ ವಿಷಪ್ರಭಾವವೂ ಕೂಡಿಕೊಳ್ಳುತ್ತದೆ, ಮಿತಿಯನ್ನೂ ಕೂಡಿಸಿಯೇ ಲೆಕ್ಕ ಹಾಕಬೇಕು. ಬುಪಿವಕೇನ್‌ಗೆ ಬೈಕಾರ್ಬನೇಟ್ ಸೇರಿಸುವ ಹಾಗೂ ಇಲ್ಲ, ಔಷಧಿ ಬಿಳಿ ಗಸಿಯಾಗಿ ಕೂರುತ್ತದೆ.

ಗಟ್ಟಿಯಾಗಿ ಅಂಟುವ ಗುಣವೇ ಇದರ ಅಪಾಯವೂ ಹೌದು. ತಪ್ಪಿ ರಕ್ತನಾಳದೊಳಗೆ ಹೋದರೆ ಹೃದಯದ ಚಾನೆಲ್‌ಗೂ ಹಾಗೇ ಅಂಟಿಕೊಳ್ಳುತ್ತದೆ. 1979ರಲ್ಲಿ ಅಮೆರಿಕದ ಜಾರ್ಜ್ ಆಲ್‌ಬ್ರೈಟ್ ಈ ಬಗ್ಗೆ ಎಚ್ಚರಿಕೆ ಬರೆದರು. ಅದೇ ಚಿಂತೆಯಿಂದ ಹೃದಯಕ್ಕೆ ಸ್ವಲ್ಪ ಸೌಮ್ಯವಾದ ರೋಪಿವಕೇನ್ ಬಂತು. 1998ರಲ್ಲಿ ಗೈ ವೈನ್‌ಬರ್ಗ್ ಇಲಿಗಳಲ್ಲಿ ತೋರಿಸಿದ ಲಿಪಿಡ್ ಚಿಕಿತ್ಸೆ ಈಗ ಇದಕ್ಕೆ ಮದ್ದು. ಶೇ 20ರ ಲಿಪಿಡ್ ಇಮಲ್ಷನ್ (ಕೊಬ್ಬಿನ ಹನಿಗಳು ಬೆರೆತ ದ್ರಾವಣ) ರಕ್ತಕ್ಕೆ ಕೊಟ್ಟರೆ ಔಷಧಿ ಹೃದಯದಿಂದ ಬಿಡಿಸಿಕೊಳ್ಳುತ್ತದೆ. ಬುಪಿವಕೇನ್ ದೊಡ್ಡ ಪ್ರಮಾಣದಲ್ಲಿ ಕೊಡುವ ಕಡೆ ಆ ಬಾಟಲಿ ಕೈಗೆ ಸಿಗುವ ಹಾಗಿರಬೇಕು.

ಮೂರು ದಿನ ಅನ್ನುವ ಹೊಸವು

ಮೂರನೇ ದಾರಿಯಲ್ಲಿ ಹೆಚ್ಚು ಹೆಸರು ಮಾಡಿದ್ದು ಎಕ್ಸ್‌ಪರೆಲ್. ಅಮೆರಿಕದ ಪಾಸಿರಾ ಕಂಪನಿಯದು, 2011ರ ಅಕ್ಟೋಬರ್‌ನಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಸಿಕ್ಕಿತು. ಒಳಗಿರುವುದು ಅದೇ ಹಳೆಯ ಬುಪಿವಕೇನ್. ಅದನ್ನು ಕೊಬ್ಬಿನ ಸೂಕ್ಷ್ಮ ಗುಳಿಗೆಗಳಲ್ಲಿ ತುಂಬಿದ್ದಾರೆ. ಒಂದೊಂದು ಗುಳಿಗೆಯೂ ಮಿಲಿಮೀಟರಿನ ಸುಮಾರು ನಲವತ್ತರಲ್ಲಿ ಒಂದು ಪಾಲು. ಕುಯ್ದು ನೋಡಿದರೆ ದಾಳಿಂಬೆ ಹಣ್ಣಿನ ಹಾಗೆ, ತೆಳು ಪೊರೆಗಳ ನಡುವೆ ಒತ್ತೊತ್ತಾಗಿ ಕೋಣೆಗಳು, ಪ್ರತಿ ಕೋಣೆಯಲ್ಲೂ ಔಷಧಿಯ ಹನಿ. ಪೊರೆ ಒಂದೊಂದಾಗಿ ಒಡೆದಂತೆ ಔಷಧಿ ಹೊರಬರುತ್ತದೆ. ಬಾಟಲಿಯಲ್ಲಿ ಹಾಲಿನಂತೆ ಬೆಳ್ಳಗಿರುತ್ತದೆ. ಜೋರಾಗಿ ಕುಲುಕದೆ, ಮೆಲ್ಲಗೆ ತಲೆಕೆಳಗೆ ಮಾಡಿ ಬೆರೆಸಬೇಕು. ಅದೇ ಜಾಗಕ್ಕೆ ಮೊದಲು ಲಿಗ್ನೊಕೇನ್ ಕೊಟ್ಟಿದ್ದರೆ 20 ನಿಮಿಷವಾದರೂ ಬಿಟ್ಟು ಕೊಡಬೇಕು. ಇಲ್ಲದಿದ್ದರೆ ಗುಳಿಗೆಯೊಳಗಿನ ಬುಪಿವಕೇನ್ ಒಮ್ಮೆಗೇ ಹೊರಬರುತ್ತದೆ.

ಉಪಾಯ ಚೆನ್ನಾಗಿದೆ. ಫಲಿತಾಂಶ ಅಷ್ಟು ಚೆನ್ನಾಗಿಲ್ಲ. ಒಪ್ಪಿಗೆಗೆ ಆಧಾರವಾದ ಮುಖ್ಯ ಪರೀಕ್ಷೆಗಳಲ್ಲಿ ಇದನ್ನು ಹೋಲಿಸಿದ್ದು ಉಪ್ಪುನೀರಿನ ಜೊತೆ. ಕಾಲಿನ ಹೆಬ್ಬೆರಳ ಬುಡದ ಮೂಳೆಯ ಆಪರೇಷನ್ ಆದವರಲ್ಲಿ ಮೊದಲ 24 ಗಂಟೆ ಲಾಭ ಕಂಡಿತು. 24ರಿಂದ 72 ಗಂಟೆಯ ನಡುವೆ ನೋವಿನ ಮಟ್ಟದಲ್ಲಿ ವ್ಯತ್ಯಾಸ ಇಲ್ಲವೆನ್ನುವಷ್ಟು ಕಮ್ಮಿ. ರೋಗಿಗೆ ಬೇಕಾದ ಹೋಲಿಕೆ ಉಪ್ಪುನೀರಿನ ಜೊತೆ ಅಲ್ಲ, ಅಗ್ಗದ ಬುಪಿವಕೇನ್ ಜೊತೆ ಅಲ್ವಾ? 2021ರ ಫೆಬ್ರುವರಿಯಲ್ಲಿ ‘ಅನೆಸ್ತೀಸಿಯಾಲಜಿ’ ಪತ್ರಿಕೆ ಆ ಹೋಲಿಕೆಯನ್ನು ಎತ್ತಿಕೊಂಡಿತು. 76 ಪರೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿದ ಲೇಖನ, ಸಾದಾ ಬುಪಿವಕೇನ್‌ಗಿಂತ ಇದು ಮೇಲು ಅನ್ನಲು ಗಟ್ಟಿ ಆಧಾರ ಕಾಣುತ್ತಿಲ್ಲ ಎಂದಿತು. ಕಂಪನಿ ಆ ಪತ್ರಿಕೆ ಹೊರತರುವ ಅರಿವಳಿಕೆ ತಜ್ಞರ ಸಂಘದ ಮೇಲೆ ಕೇಸು ಹಾಕಿತು, ಕೋರ್ಟು ಅದನ್ನು ವಜಾ ಮಾಡಿತು. ಅಮೆರಿಕದಲ್ಲಿ ಒಂದು ಬಾಟಲಿಯ ಬೆಲೆ 300 ಡಾಲರಿಗೂ ಜಾಸ್ತಿ. ಚರ್ಮದ ಸಣ್ಣ ಕೆಲಸಕ್ಕೆ ಇದನ್ನು ಕೇಳಿ ಪಡೆಯುವ ಅಗತ್ಯ ನನಗಂತೂ ಕಾಣುವುದಿಲ್ಲ.

ಜಿನ್‌ರೆಲೆಫ್ ಮೇಲೆ ನನಗೆ ಹೆಚ್ಚು ಆಸಕ್ತಿ. 2021ರ ಮೇ ತಿಂಗಳಲ್ಲಿ ಒಪ್ಪಿಗೆ ಪಡೆದದ್ದು. ಅದು ಒಂದು ಹಳೆಯ ತೊಡಕಿಗೇ ಕೈಹಾಕಿದೆ. ಗಾಯ ಉರಿಯೂತದಿಂದ ಊದಿಕೊಂಡಾಗ ಅಲ್ಲಿನ ಅಂಗಾಂಶ ಆಮ್ಲೀಯವಾಗುತ್ತದೆ. ಆಮ್ಲದಲ್ಲಿ ಬುಪಿವಕೇನ್‌ಗೆ ವಿದ್ಯುದಾವೇಶ ಬಂದು ನರದ ಪೊರೆ ದಾಟಲು ಆಗುವುದಿಲ್ಲ. ಕುರುವಿನ ಸುತ್ತ ಎಷ್ಟು ಲಿಗ್ನೊಕೇನ್ ಚುಚ್ಚಿದರೂ ಕೀವು ತೆಗೆಯುವಾಗ ರೋಗಿ ಚೀರುವುದು ಇದಕ್ಕೇ. ಜಿನ್‌ರೆಲೆಫ್‌ನಲ್ಲಿ ಬುಪಿವಕೇನ್ ಜೊತೆ ಉರಿಯೂತ ತಗ್ಗಿಸುವ ಮೆಲಾಕ್ಸಿಕ್ಯಾಮ್ ಇದೆ, ಎರಡೂ ಜಿಗುಟು ಪಾಲಿಮರ್‌ನಲ್ಲಿ. ಸೂಜಿಯಿಲ್ಲದೆ, ಹೊಲಿಗೆ ಹಾಕುವ ಮುಂಚೆ ಗಾಯದೊಳಗೆ ಬಿಡುತ್ತಾರೆ. ಪರೀಕ್ಷೆಗಳಲ್ಲಿ ಇದನ್ನು ಸಾದಾ ಬುಪಿವಕೇನ್ ಜೊತೆಗೇ ಹೋಲಿಸಿದರು. 72 ಗಂಟೆಗಳಲ್ಲಿ ನೋವು ಕಮ್ಮಿ ಇತ್ತು. ಹರ್ನಿಯಾದಂಥ ಆಪರೇಷನ್‌ಗೆ ಸರಿ. ಮಚ್ಚೆಗೆ, ನಾಲ್ಕು ಹೊಲಿಗೆಗೆ ಅತಿ.

ವಿಷದಿಂದ ಬರಬಹುದಾದ ಮುಂದಿನದು

ನಾಲ್ಕನೇ ದಾರಿ ಇನ್ನೂ ಸಂಶೋಧನೆಯ ಹಂತದಲ್ಲಿದೆ. ಚಿಪ್ಪುಮೀನುಗಳಲ್ಲಿ ಸೇರಿಕೊಳ್ಳುವ ನಿಯೊಸ್ಯಾಕ್ಸಿಟಾಕ್ಸಿನ್, ಪಫರ್ ಮೀನಿನ ಟೆಟ್ರೊಡೋಟಾಕ್ಸಿನ್, ಇವೆರಡೂ ಸೋಡಿಯಂ ಚಾನೆಲ್ಲನ್ನು ಹೊರಗಿನಿಂದ ಮುಚ್ಚುತ್ತವೆ. ಹೃದಯದಲ್ಲಿ ಹೆಚ್ಚಾಗಿ ಇರುವ ಚಾನೆಲ್ ಇವುಗಳಿಗೆ ಅಷ್ಟು ಬಗ್ಗುವುದಿಲ್ಲ. ಬುಪಿವಕೇನ್‌ನ ದೊಡ್ಡ ಭಯ ಇಲ್ಲಿ ಕಮ್ಮಿ. ಇವುಗಳ ಭಯ ಬೇರೆ. ಪ್ರಮಾಣ ಮೀರಿದರೆ ಉಸಿರಾಟದ ಸ್ನಾಯು ಸೋಲುತ್ತದೆ.

ಬಾಸ್ಟನ್ ಮಕ್ಕಳ ಆಸ್ಪತ್ರೆಯ ಚಾರ್ಲ್ಸ್ ಬರ್ಡ್ ಅವರ ತಂಡ 2015ರಲ್ಲಿ 84 ಆರೋಗ್ಯವಂತ ಗಂಡಸರ ಚರ್ಮದಡಿ ನಿಯೊಸ್ಯಾಕ್ಸಿಟಾಕ್ಸಿನ್ ಕೊಟ್ಟ ಪರೀಕ್ಷೆಯನ್ನು ಪ್ರಕಟಿಸಿತು. ಬುಪಿವಕೇನ್ ಮತ್ತು ಅಡ್ರಿನಲಿನ್ ಜೊತೆ ಕೊಟ್ಟಾಗ ಬರೀ ಬುಪಿವಕೇನ್‌ಗಿಂತ ಬಹಳ ಹೆಚ್ಚು ಹೊತ್ತು ಚರ್ಮ ಮರಗಟ್ಟಿತ್ತು. ಅದೇ ಊರಿನ ಡೇನಿಯಲ್ ಕೊಹೇನ್ ತಂಡ ಟೆಟ್ರೊಡೋಟಾಕ್ಸಿನ್ನನ್ನು ಪಾಲಿಮರ್ ಸರಪಳಿಗೆ ಕಟ್ಟಿ, ಇಲಿಗಳಲ್ಲಿ ಮೂರು ದಿನದವರೆಗೆ ನರ ಮರಗಟ್ಟಿಸಿ 2019ರಲ್ಲಿ ವರದಿ ಮಾಡಿತು. ನಿಜಕ್ಕೂ ದಿನಗಟ್ಟಲೆ ಇರುವ ಔಷಧಿ ಬಂದರೆ ಈ ಕಡೆಯಿಂದಲೇ ಬರಬಹುದು ಅಂತ ನನಗನಿಸುತ್ತದೆ.

ಹಾಗಾದರೆ ಯಾವಾಗ ಯಾವುದು?

ಮಗುವಿಗೆ ಡ್ರಿಪ್ ಸೂಜಿ, ರಕ್ತ ಪರೀಕ್ಷೆ: ಒಂದು ಗಂಟೆ ಸಮಯ ಇದ್ದರೆ ಕ್ರೀಮ್. ತುರ್ತಾದರೆ ಕ್ರೀಮಿಗೆ ಕಾಯಬೇಡಿ. ಮುಖದ ಮೇಲಿನ ಸಣ್ಣ ಲೇಸರ್ ಕೆಲಸಕ್ಕೂ ಕ್ರೀಮೇ ಸಾಕು. ಹೊಲಿಗೆ, ಮಚ್ಚೆ, ಸಣ್ಣ ಗಂಟು: ಲಿಗ್ನೊಕೇನ್, ಆದಷ್ಟೂ ಅಡ್ರಿನಲಿನ್ ಜೊತೆ. ಅಂಗೈ ಅಂಗಾಲಿನ ದಪ್ಪ ಚರ್ಮಕ್ಕೆ ಕ್ರೀಮ್ ಹಚ್ಚಿ ಕೂತರೆ ಸುಮ್ನೆ ಸಮಯ ಹಾಳು, ಅಲ್ಲಿ ಇಂಜೆಕ್ಷನ್ ಬೇಕು. ದೊಡ್ಡ ಗಂಟು, ಉಗುರು ಕೀಳುವುದು, ಚರ್ಮ ಕಸಿಗೆ ತೊಡೆಯಿಂದ ಚರ್ಮ ತೆಗೆಯುವುದು, ಇವುಗಳ ನೋವು ಆಮೇಲೂ ಕಾಡುತ್ತದೆ, ಬುಪಿವಕೇನ್ ಅಥವಾ ರೋಪಿವಕೇನ್ ಕೇಳಿ. ಕುರುವಿಗಾದರೆ ಕೀವು ಇರುವ ಜಾಗ ಬಿಟ್ಟು, ದೂರದಲ್ಲಿ ನರಕ್ಕೇ ಕೊಡುವ ಬ್ಲಾಕ್ ಸಾಧ್ಯವಾ ಅಂತ ಡಾಕ್ಟರನ್ನು ವಿಚಾರಿಸಿ.

ಜಾಸ್ತಿ ಹೊತ್ತು ಮರಗಟ್ಟುವುದು ಎಲ್ಲ ಕಡೆಗೂ ವರವಲ್ಲ. ತುಟಿ ಮರಗಟ್ಟಿದ ಮಗು ಗೊತ್ತಿಲ್ಲದೆ ತುಟಿ ಕಚ್ಚಿ ಗಾಯ ಮಾಡಿಕೊಳ್ಳುತ್ತದೆ. ಮರಗಟ್ಟಿದ ಕೈಗೆ ಬಿಸಿ ಪಾತ್ರೆ ತಾಗಿದರೆ ಗೊತ್ತಾಗುವುದಿಲ್ಲ. ಬ್ಯಾಂಡೇಜ್ ಬಿಗಿಯಾಗಿದ್ದರೂ ಅರಿವಾಗುವುದಿಲ್ಲ.

ಟ್ಯಾಟೂ ಮತ್ತು ಲೇಸರ್‌ಗೆ ಹೋಗುವವರು ದಯವಿಟ್ಟು ಇದನ್ನು ಓದಿ. 2007ರಲ್ಲಿ ಅಮೆರಿಕದ ಎಫ್‌ಡಿಎ ಎಚ್ಚರಿಕೆ ಕೊಟ್ಟದ್ದು ಇಬ್ಬರು ಯುವತಿಯರು ಸತ್ತ ಮೇಲೆ, ಒಬ್ಬರಿಗೆ 22, ಇನ್ನೊಬ್ಬರಿಗೆ 25. ಲೇಸರ್‌ನಿಂದ ಕೂದಲು ತೆಗೆಸುವ ಮುಂಚೆ ಕಾಲಿಗೆಲ್ಲ ತೀಕ್ಷ್ಣ ಮರಗಟ್ಟಿಸುವ ಕ್ರೀಮ್ ಹಚ್ಚಿ ಪ್ಲಾಸ್ಟಿಕ್ ಸುತ್ತಿಕೊಂಡಿದ್ದರು. ಚರ್ಮದ ಮೇಲೆ ಹಚ್ಚಿದ ಔಷಧಿಯೇ ರಕ್ತ ಸೇರಿ ಪ್ರಾಣ ತೆಗೆಯಿತು. 2024ರ ಮಾರ್ಚ್‌ನಲ್ಲಿ ಎಫ್‌ಡಿಎ ಮತ್ತೆ, ಚೀಟಿಯಿಲ್ಲದೆ ಮಾರುವ ಶೇ 4ಕ್ಕಿಂತ ತೀಕ್ಷ್ಣ ಲಿಗ್ನೊಕೇನ್ ಕ್ರೀಮ್‌ಗಳನ್ನು ಬಳಸಬೇಡಿ ಎಂದಿತು. ಇಡೀ ತೋಳಿಗೆ, ಇಡೀ ಕಾಲಿಗೆ ಹಚ್ಚಿ ಸುತ್ತಬೇಡಿ. ಗಾಯವಾದ, ಎಸ್ಜಿಮಾ ಇರುವ ಚರ್ಮ ಔಷಧಿಯನ್ನು ಬೇಗ ಹೀರುತ್ತದೆ, ಅಲ್ಲೂ ಬೇಡ. ಪಾರ್ಲರಿನಲ್ಲಿ, ಟ್ಯಾಟೂ ಅಂಗಡಿಯಲ್ಲಿ ಯಾರಾದರೂ ಇಂಜೆಕ್ಷನ್ ಕೊಡುತ್ತೇವೆ ಅಂದರೆ ಎದ್ದು ಬನ್ನಿ.

ಹಚ್ಚಿದ ಅಥವಾ ಚುಚ್ಚಿದ ಮೇಲೆ ಕಿವಿಯಲ್ಲಿ ಗುಂಯ್ ಅಂದರೆ, ನಾಲಿಗೆ ತುಟಿ ಜುಮ್ ಅಂದರೆ, ಬಾಯಲ್ಲಿ ಲೋಹದ ರುಚಿ ಬಂದರೆ, ಮಾತು ತೊದಲಿದರೆ ಅದು ಔಷಧಿ ಮಿತಿ ಮೀರಿದ ಗುರುತು. ಕ್ರೀಮ್ ಆದರೆ ತಕ್ಷಣ ಒರೆಸಿ ತೊಳೆದು ಆಸ್ಪತ್ರೆಗೆ ಹೋಗಿ. ಚುಚ್ಚುತ್ತಿರುವಾಗಲೇ ಹೀಗಾದರೆ ಡಾಕ್ಟರಿಗೆ ಆ ಕ್ಷಣವೇ ಹೇಳಿ. ಮೊದಲೇ ಹೇಳಿಡಬೇಕಾದವೂ ಇವೆ: ನಿಮ್ಮ ತೂಕ, ಹೃದಯದ ಬಡಿತದ ತೊಂದರೆ, ಲಿವರ್ ಕಾಯಿಲೆ, ಜಿ6ಪಿಡಿ ಎಂಬ ಕಿಣ್ವದ ಹುಟ್ಟಿನಿಂದ ಬರುವ ಕೊರತೆ, ಈಗ ನುಂಗುತ್ತಿರುವ ಮಾತ್ರೆಗಳು, ಹಿಂದೆ ಹಲ್ಲು ಕೀಳಿಸಿದಾಗ ಈ ಇಂಜೆಕ್ಷನ್‌ನಿಂದ ಏನಾದರೂ ಆಗಿತ್ತಾ ಅನ್ನುವುದು.